ಇಸಬಿನ ಮಗುವೂ ನಾವೂ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬುದು ನಮ್ಮಲ್ಲಿ ರೂಢಿಯಾಗಿ ಬಂದ ಮಾತು. ಕಣ್ಣೆದುರಿಗೆ ಇರುವ ವ್ಯಾಧಿಯನ್ನು ಅರಿಯಲು ಬೇರೊಂದು ಸಾಧನ ಬೇಡವೆಂಬುದು ಅದರ ತಾತ್ಪರ್ಯ. ಆದರೆ ಕಣ್ಣಿಗೆ ಕಂಡುದೆಲ್ಲವೂ ಬುದ್ಧಿಗೆ ತಿಳಿಯಿತೆಂದು ಹೇಳಲಾಗದು. ತರಗತಿಯಲ್ಲಿ ಒಂದು ಮಗುವಿನ ಮೊಣಕೈಯ ಮಡಿಕೆಯೂ ಮೊಣಕಾಲಿನ ಹಿಂಭಾಗವೂ ಕೆಂಪೇರಿ, ಒರಟಾಗಿ, ತುರಿಸಿ ತುರಿಸಿ ಗೀರುಬಿದ್ದಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ನೋಡಿದವರಲ್ಲಿ ಒಬ್ಬನು ‘ಕಜ್ಜಿ’ ಎನ್ನುತ್ತಾನೆ. ಇನ್ನೊಬ್ಬನು ಬೆಂಚಿನ ಮೇಲೆ ಒಂದು ಗೇಣು ಸರಿದು ಕುಳಿತುಕೊಳ್ಳುತ್ತಾನೆ. ಆ ಒಂದು ಗೇಣಿನ ಅಂತರವೇ ಈ ಲೇಖನಕ್ಕೆ ಕಾರಣ.

ಇಸಬು ಎಂದು ನಾವು ಕರೆಯುವ, ವೈದ್ಯರು ಎಕ್ಸಿಮಾ ಎಂದು ಬರೆಯುವ ಈ ವ್ಯಾಧಿಯು ಕಜ್ಜಿಯಲ್ಲ. ಕಜ್ಜಿಯನ್ನು ಉಂಟುಮಾಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಹುಳು. ಅದು ಮೈಯಿಂದ ಮೈಗೆ ಹರಡುತ್ತದೆ. ಇಸಬು ಹಾಗೆ ಹರಡುವುದಿಲ್ಲ. ಮುಟ್ಟಿದರೂ, ಒಂದೇ ಬೆಂಚಿನಲ್ಲಿ ಕುಳಿತರೂ, ಒಂದೇ ಪುಸ್ತಕವನ್ನು ಹಂಚಿಕೊಂಡು ಓದಿದರೂ ಬರುವುದಿಲ್ಲ. ಅನೇಕ ವೇಳೆ ಅದು ಉಬ್ಬಸ, ಸೀನು ಮುಂತಾದ ಒಗ್ಗದಿಕೆಯ ವ್ಯಾಧಿಗಳಿರುವ ಮನೆತನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ಒಗ್ಗದಿಕೆಗೆ ‘ಅಲರ್ಜಿ’ ಎಂಬ ಹೆಸರನ್ನು 1906ರಲ್ಲಿ ಕೊಟ್ಟವನು ವಿಯೆನ್ನಾದ ಮಕ್ಕಳ ವೈದ್ಯನಾದ ಕ್ಲೆಮೆನ್ಸ್ ಫಾನ್ ಪಿರ್ಕೆ.

ಇಂತಹ ಚರ್ಮದ ದೋಷವೇನೆಂಬುದನ್ನು ಅರಿತುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ನಮ್ಮ ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಚರ್ಮದ ಕಣಗಳೇ ಇಟ್ಟಿಗೆಗಳು. ಅವುಗಳ ನಡುವಣ ಜಿಡ್ಡೇ ಗಾರೆ. ಗಾರೆ ಸಡಿಲವಾದಲ್ಲಿ ಗೋಡೆ ಬಿರುಕುಬಿಡುತ್ತದೆ. ಒಳಗಿನ ತೇವವು ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸಾಬೂನು, ರೋಗಾಣುಗಳು ಒಳಗೆ ನುಗ್ಗುತ್ತವೆ. ಈ ಗೋಡೆಯನ್ನು ಭದ್ರವಾಗಿಡುವ ಫಿಲಾಗ್ರಿನ್ ಎಂಬ ಒಂದು ಸಸಾರಜನಕವು ಹುಟ್ಟಿನಿಂದಲೇ ಕಡಮೆಯಿರುವವರಿಗೆ ಇಸಬು ಬರುವ ಸಂಭವ ಹೆಚ್ಚೆಂಬುದನ್ನು ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರೂ ಅವರ ಸಂಗಡಿಗರೂ 2006ರಲ್ಲಿ ತೋರಿಸಿಕೊಟ್ಟರು. ಆದುದರಿಂದ ಇಸಬು ಮಗುವಿನ ಕೊಳಕುತನದ ಫಲವಲ್ಲ, ತಾಯಿಯ ಅಲಕ್ಷ್ಯದ ಫಲವೂ ಅಲ್ಲ. ಬಿರುಕುಬಿಟ್ಟ ಗೋಡೆಗೆ ದಿನದಿನವೂ ಗಾರೆ ಮೆತ್ತುವುದೇ ಅದರ ಆರೈಕೆಯ ಮೊದಲ ಪಾಠ. ಅಂಗಡಿಗಳಲ್ಲಿ ಮಾಯಿಶ್ಚರೈಸರ್ ಎಂದು ಮಾರುವ ತೇವರಕ್ಷಕ ಲೇಪಗಳ ಕೆಲಸವು ಇಷ್ಟೇ.

ಇಷ್ಟೇ ಎಂದು ಬರೆಯುವುದು ಸುಲಭ. ಆ ಲೇಪವನ್ನು ಹುಡುಕುವುದು ಸುಲಭವಲ್ಲ. ನಮ್ಮ ಮನೆಯಲ್ಲಿಯೇ ಇಂತಹ ಮಗುವೊಂದು ಇರುವುದರಿಂದ ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇವೆ. ಅಂಧೇರಿಯ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಔಷಧದ ಅಂಗಡಿಗಳಿವೆಯೋ ಅಷ್ಟು ಬಗೆಯ ಸೀಸೆಗಳು ನಮ್ಮ ಕಪಾಟಿನಲ್ಲಿ ಸೇರಿದುವು. ಒಂದರಲ್ಲಿ ಗುಲಾಬಿಯ ಪರಿಮಳವಿತ್ತು, ಮಗು ಉರಿ ತಾಳಲಾರದೆ ಅತ್ತಿತು. ಇನ್ನೊಂದರ ಮೇಲೆ ಎಲೆಯ ಚಿತ್ರವೂ ‘ಪ್ರಕೃತಿಸಿದ್ಧ’ ಎಂಬ ಹೇಳಿಕೆಯೂ ಇದ್ದುವು, ಮರುದಿನ ಕುತ್ತಿಗೆಯೆಲ್ಲ ಕೆಂಪಾಯಿತು. ಮೂರನೆಯದು ಬೆಲೆಯಲ್ಲಿ ಎಲ್ಲವನ್ನೂ ಮೀರಿತ್ತು, ಗುಣದಲ್ಲಿ ಮೀರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದನ್ನು ನಾವು ಹೀಗೆ ಹಣ ತೆತ್ತು ಕಲಿತೆವು. ಕೊನೆಗೆ ಹಿತವಾದುದು ವೈದ್ಯರು ಹೇಳಿದ, ಪರಿಮಳವಿಲ್ಲದ, ಅಂದವಿಲ್ಲದ, ಅಗ್ಗದ ಬಿಳಿಯ ಪೆಟ್ರೋಲಿಯಂ ಜೆಲ್ಲಿ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಎಂಬಾತನು 1872ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದನು. ನೂರೈವತ್ತು ವರ್ಷಗಳಷ್ಟು ಹಳೆಯದಾದ ಆ ಮುಲಾಮು ಇಂದಿಗೂ ಚರ್ಮದ ತೇವವನ್ನು ಹಿಡಿದಿಡುವುದರಲ್ಲಿ ಹಿಂದೆ ಬಿದ್ದಿಲ್ಲ.

ಹಾಗಾದರೆ ಮೃದುವಾದ ಲೇಪವೆಂದರೆ ಯಾವುದು? ನಮ್ಮ ಅಭಿಪ್ರಾಯದಲ್ಲಿ ಅದರ ಮೊದಲ ಲಕ್ಷಣವು ಅದರಲ್ಲಿ ಏನಿದೆಯೆಂಬುದಲ್ಲ, ಏನಿಲ್ಲವೆಂಬುದು. ಪರಿಮಳವಿರಬಾರದು, ಬಣ್ಣವಿರಬಾರದು, ಪದಾರ್ಥಗಳ ಪಟ್ಟಿ ಚಿಕ್ಕದಾಗಿರಬೇಕು. ‘ವಾಸನೆಯಿಲ್ಲದ್ದು’ ಎಂದು ಬರೆದ ಸೀಸೆಯಲ್ಲಿಯೂ ಮೂಲವಾಸನೆಯನ್ನು ಮರೆಮಾಡಲು ಪರಿಮಳವನ್ನು ಬೆರೆಸಿರುವುದುಂಟು. ಆದುದರಿಂದ ಮುಂದಿನ ಚಿತ್ರವನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳತಕ್ಕದ್ದು. ಅಲ್ಲಿ ‘ಪರ್ಫ್ಯೂಮ್’, ‘ಫ್ರೇಗ್ರನ್ಸ್’ ಎಂಬ ಮಾತು ಕಂಡರೆ ಆ ಸೀಸೆ ಈ ಮಗುವಿಗಲ್ಲ. ನೀರು ಬೆರೆಸಿದ ಲೇಪಗಳು ಕೆಡದಿರಲೆಂದು ಹಾಕುವ ಕೆಲವು ದ್ರವ್ಯಗಳೂ ಒಗ್ಗದಿರಬಹುದು. ಅವುಗಳಲ್ಲಿ ಮೀಥೈಲ್‌ಐಸೋಥಯಾಜೋಲಿನೋನ್ ಎಂಬುದು ಎಷ್ಟು ಜನರಿಗೆ ತೊಂದರೆ ಕೊಟ್ಟಿತೆಂದರೆ, ಅಮೆರಿಕದ ಚರ್ಮವೈದ್ಯರ ಒಂದು ಸಂಘವು 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ವೆಂದೇ ಸಾರಿತು.

ಸಾಬೂನಿನ ಮಾತೂ ಇದೇ ಬಗೆಯದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಗಿ, ತರುವಾಯ ಗಂಧದ ಸಾಬೂನೂ ಬಂದುದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ. ಊರಿನಿಂದ ಬರುವ ಬಂಧುಗಳ ಚೀಲದಲ್ಲಿ ಅದರ ಪರಿಮಳವಿಲ್ಲದೆ ನಮಗೆ ಹಬ್ಬವಾಗದು. ಆದರೆ ಇಸಬಿನ ಮಗುವಿಗೆ ಗಂಧವೂ ಪರಿಮಳವೇ, ಮಲ್ಲಿಗೆಯೂ ಪರಿಮಳವೇ. ಅಲ್ಲದೆ ಸಾಧಾರಣ ಸಾಬೂನೆಲ್ಲವೂ ಕ್ಷಾರಗುಣವುಳ್ಳದ್ದು, ಚರ್ಮವಾದರೋ ತುಸು ಆಮ್ಲಗುಣವುಳ್ಳದ್ದು. ಕಡಲೆಹಿಟ್ಟು, ಸೀಗೆಪುಡಿಗಳಿಂದ ಮೈಯುಜ್ಜುವ ನಮ್ಮ ಹಿರಿಯರ ಪದ್ಧತಿಯು ಗಟ್ಟಿಮುಟ್ಟಾದ ಚರ್ಮಕ್ಕೆ ಸಲ್ಲಬಹುದು. ಬಿರುಕುಬಿಟ್ಟ ಗೋಡೆಯನ್ನು ಉಜ್ಜಿದರೆ ಗಾರೆ ಇನ್ನಷ್ಟು ಉದುರುತ್ತದೆ. ಪ್ರೀತಿಯಿಂದ ಉಜ್ಜುವ ಅಜ್ಜಿಗೆ ಇದನ್ನು ಗೌರವದಿಂದ ತಿಳಿಸಿ ಹೇಳುವ ಹೊಣೆ ಮೊಮ್ಮಕ್ಕಳಾದ ನಿಮ್ಮದು.

ಕರಾವಳಿಯಿಂದ ಬಂದ ಕುಟುಂಬಗಳಲ್ಲಿ ತೆಂಗಿನೆಣ್ಣೆಯ ಪ್ರಶ್ನೆ ಏಳದೆ ಇರದು. ಫಿಲಿಪ್ಪೀನ್ಸ್ ದೇಶದಲ್ಲಿ ಇಸಬಿದ್ದ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಾಯಿಸದೆ ತೆಗೆದ ಶುದ್ಧ ತೆಂಗಿನೆಣ್ಣೆಯು ಖನಿಜತೈಲಕ್ಕಿಂತ ಹೆಚ್ಚು ಗುಣ ಕೊಟ್ಟಿತು. ಪರಿಮಳ ಬೆರೆಸಿದ ತಲೆಯೆಣ್ಣೆಗೆ ಈ ಮಾತು ಅನ್ವಯಿಸದು. ಎಲ್ಲ ಎಣ್ಣೆಗಳೂ ಒಂದೇ ಎಂದೂ ತಿಳಿಯಬಾರದು. ಆಲಿವ್ ಎಣ್ಣೆಯು ಚರ್ಮದ ಗೋಡೆಯನ್ನು ಸಡಿಲಗೊಳಿಸುತ್ತದೆಂದು ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು 2013ರಲ್ಲಿ ಕಂಡುಕೊಂಡರು. ಇನ್ನೊಂದು ಸಂಗತಿಯಂತೂ ಗಮನಾರ್ಹವಾದುದು. ನೆಲಗಡಲೆಯ ಎಣ್ಣೆ ಸೇರಿದ ಲೇಪಗಳನ್ನು ಹಚ್ಚಿಸಿಕೊಂಡ ಶಿಶುಗಳಲ್ಲಿ ಮುಂದೆ ನೆಲಗಡಲೆಯೇ ಒಗ್ಗದಿರುವುದು ಹೆಚ್ಚೆಂದು ಬ್ರಿಟನ್ನಿನ ಗಿಡಿಯನ್ ಲ್ಯಾಕ್ ಮತ್ತು ಅವರ ಸಂಗಡಿಗರು 2003ರಲ್ಲಿ ಬರೆದರು. ಬಾಯಿಂದ ಹೋದರೆ ಆಹಾರವಾಗುವುದು ಬಿರುಕಿನಿಂದ ಹೋದರೆ ಶತ್ರುವೆನಿಸಬಹುದು. ಆದುದರಿಂದ ಬಾದಾಮಿ, ನೆಲಗಡಲೆ, ಎಳ್ಳು, ಹಾಲು, ಗೋಧಿ, ಓಟ್ಸ್ ಇವುಗಳಿಂದಾದ ಲೇಪಗಳನ್ನು ಅಲರ್ಜಿಯಿರುವ ಮಗುವಿಗೆ ವೈದ್ಯರನ್ನು ಕೇಳದೆ ಹಚ್ಚದಿರುವುದೇ ಲೇಸು.

ಲೇಪಗಳಲ್ಲಿ ಯಾವುದು ಅತ್ಯುತ್ತಮವೆಂಬ ಪ್ರಶ್ನೆಗೆ ಸಮಾಧಾನಕರವಾದ ಒಂದು ಉತ್ತರವು ಇಂಗ್ಲೆಂಡಿನಿಂದ ಬಂದಿದೆ. ಅಲ್ಲಿ 550 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಲೋಶನ್, ಕ್ರೀಮ್, ಜೆಲ್, ಮುಲಾಮು ಇವುಗಳಲ್ಲಿ ಒಂದೊಂದನ್ನು ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ಗುಣದಲ್ಲಿ ಅವು ನಾಲ್ಕೂ ಸರಿಸಮಾನ. ಮಗುವು ಬೇಸರಿಸದೆ ಯಾವುದನ್ನು ದಿನವೂ ಹಚ್ಚಿಸಿಕೊಳ್ಳುವುದೋ ಅದೇ ಆ ಮಗುವಿಗೆ ಉತ್ತಮವಾದುದು. ನಮ್ಮ ಅಂಧೇರಿಯ ಹವೆಗೂ ಇದು ಒಪ್ಪುವ ಮಾತು. ಮೇ ತಿಂಗಳ ಸೆಕೆಯಲ್ಲಿ ದಪ್ಪನೆಯ ಮುಲಾಮು ಬೆವರನ್ನು ಹಿಡಿದು ಮೈಗೆ ಅಂಟಿಕೊಂಡು ಹಿಂಸೆಯಾಗುತ್ತದೆ. ಆಗ ತೆಳುವಾದ ಕ್ರೀಮ್ ಸಾಕು. ಮಳೆಗಾಲದ ತೇವದಲ್ಲಿ ಹಾಸಿಗೆಯ ಧೂಳುಹುಳುಗಳೂ ಬೂಸ್ಟೂ ಹೆಚ್ಚುತ್ತವೆ. ಆಗ ಲೇಪದಷ್ಟೇ ಹಾಸಿಗೆಯ ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆಯುವುದೂ ಅವಶ್ಯ. ಡಿಸೆಂಬರಿನ ಒಣಗಾಳಿಗೆ ರಸ್ತೆ, ಕಟ್ಟಡಗಳ ಕೆಲಸದ ಧೂಳೂ ಕೂಡಿದಾಗ ಮುಲಾಮು ಮತ್ತೆ ಬೇಕಾದೀತು.

ಹೊಸ ಲೇಪವನ್ನು ತಂದ ದಿನವೇ ಮೈಯೆಲ್ಲ ಹಚ್ಚಬಾರದು. ಮುಂಗೈಯ ಒಳಭಾಗದಲ್ಲಿ, ಇಸಬಿಲ್ಲದ ನಾಣ್ಯದಗಲ ಜಾಗದಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಬೇಕು. ಅಲ್ಲಿ ಕೆಂಪಾಗಲಿ ತುರಿಕೆಯಾಗಲಿ ಇಲ್ಲವಾದರೆ ಮುಂದುವರಿಯಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಹಸಿಯಿರುವಾಗಲೇ ಮೂರು ನಿಮಿಷದೊಳಗೆ ಲೇಪವನ್ನು ಹಚ್ಚುವುದು ಒಳ್ಳೆಯ ಕ್ರಮ. ಇದರಲ್ಲಿ ಜಿಪುಣತನ ಸಲ್ಲದು. ಮೈಯೆಲ್ಲ ಒಣಗಿದ ಮಗುವಿಗೆ ವಾರಕ್ಕೆ 250 ಗ್ರಾಮಿನಷ್ಟು ಬೇಕಾಗುತ್ತದೆಂದು ವೈದ್ಯರು ಹೇಳುತ್ತಾರೆ. ದುಬಾರಿಯ ಸೀಸೆಯನ್ನು ತೊಟ್ಟು ತೊಟ್ಟಾಗಿ ಬಳಸುವುದಕ್ಕಿಂತ ಅಗ್ಗದ ಡಬ್ಬಿಯನ್ನು ಧಾರಾಳವಾಗಿ ಬಳಸುವುದು ಮೇಲು. ಒಂದು ಎಚ್ಚರಿಕೆ: ಇಂತಹ ಜಿಡ್ಡನ್ನು ಹೀರಿದ ಬಟ್ಟೆಗೆ ಬೆಂಕಿ ಬೇಗ ತಗಲುತ್ತದೆ. ದೀಪಾವಳಿಯ ಹಣತೆಯ ಬಳಿ ಇಂತಹ ಮಗು ಇದ್ದರೆ ದೊಡ್ಡವರು ಜೊತೆಯಲ್ಲಿರಬೇಕು.

ಇಸಬು ಉಲ್ಬಣಿಸಿದಾಗ ಲೇಪವೊಂದೇ ಸಾಲದು. ವೈದ್ಯರು ಸ್ಟೀರಾಯ್ಡ್ ಮುಲಾಮನ್ನು ಕೊಡುವುದುಂಟು. ಅವರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಉಪಕಾರಿ. ಆದರೆ ಅಂಗಡಿಯವನ ಮಾತು ಕೇಳಿ ತರುವ ಟ್ಯೂಬಿನ ಕಥೆ ಬೇರೆ. ನಾವೂ ಒಮ್ಮೆ ಹಾಗೆ ತಂದೆವು. ಎರಡೇ ದಿನದಲ್ಲಿ ಕೆಂಪು ಮಾಯವಾಯಿತು. ನಿಲ್ಲಿಸಿದ ವಾರದಲ್ಲಿ ಇಮ್ಮಡಿಯಾಗಿ ಮರಳಿತು. ಅದರಲ್ಲಿ ಮಗುವಿನ ಮೃದುಚರ್ಮಕ್ಕೆ ಸಲ್ಲದಷ್ಟು ಪ್ರಬಲವಾದ ಸ್ಟೀರಾಯ್ಡ್ ಇತ್ತೆಂಬುದು ವೈದ್ಯರ ಬಳಿ ಹೋದ ಮೇಲೆ ತಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಗಿತ್ತು ನಮ್ಮ ಉಪಚಾರ. ಇಂತಹ ಹಲವು ಮುಲಾಮುಗಳನ್ನು ಕೇಂದ್ರ ಸರಕಾರವು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಕಾನೂನು ಇದೆ, ಅದನ್ನು ನೆನಪಿಡಬೇಕಾದವರು ಕೊಳ್ಳುವ ನಾವು. ಹಣವಿಲ್ಲವೆಂದು ವೈದ್ಯರನ್ನು ಬಿಡಬೇಕಾದುದೂ ಇಲ್ಲ. ನಮಗೆ ಹತ್ತಿರವಾದ ಕೂಪರ್ ಆಸ್ಪತ್ರೆ, ಪರೇಲಿನ ಕೆ. ಇ. ಎಂ., ಮುಂಬಯಿ ಸೆಂಟ್ರಲಿನ ನಾಯರ್ ಮುಂತಾದ ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗಗಳಿವೆ. ಚರ್ಮದಿಂದ ಕೀವು ಒಸರಿದರೆ, ಜ್ವರ ಬಂದರೆ, ನೋವಿನ ಗುಳ್ಳೆಗಳೆದ್ದರೆ ತಡಮಾಡದೆ ಹೋಗತಕ್ಕದ್ದು.

‘ನಂಜು’ ಎಂಬ ಹೆಸರಿನಲ್ಲಿ ಬದನೆ, ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಮಗುವಿನ ಎಲೆಯಿಂದ ತೆಗೆದುಬಿಡುವ ರೂಢಿಯೂ ನಮ್ಮ ಮನೆಗಳಲ್ಲಿದೆ. ಕೆಲವು ಮಕ್ಕಳಿಗೆ ಒಂದೆರಡು ಆಹಾರಗಳು ನಿಜವಾಗಿಯೂ ಒಗ್ಗವು. ಅದನ್ನು ಪರೀಕ್ಷಿಸಿ ತಿಳಿಯಬೇಕೇ ಹೊರತು ಊಹಿಸಿ ಉಪವಾಸ ಕೆಡವಬಾರದು. ತುರಿಕೆಯಿಂದ ನಿದ್ದೆಗೆಟ್ಟ ಮಗುವಿಗೆ ಪುಷ್ಟಿಯೂ ಕಡಮೆಯಾದರೆ ಕಷ್ಟ ಇಮ್ಮಡಿಸುತ್ತದೆ.

ಇದೆಲ್ಲವೂ ಮನೆಯ ವಿಚಾರ, ಶಾಲೆಯ ಪತ್ರಿಕೆಗೇಕೆ ಎಂದು ಕೆಲವರು ಕೇಳಬಹುದು. ಮಗುವು ಎಚ್ಚರವಿರುವ ಹೊತ್ತಿನ ಬಹುಭಾಗವನ್ನು ಕಳೆಯುವುದು ಶಾಲೆಯಲ್ಲಿಯೇ. ಬೆಳಗ್ಗೆ ಮನೆಯಲ್ಲಿ ಮೆತ್ತಿದ ಗಾರೆ ಮಧ್ಯಾಹ್ನಕ್ಕೆ ಬೆವರಿನೊಡನೆ ಹೋಗಿರುತ್ತದೆ. ಆದುದರಿಂದ ಶಾಲೆಗಳನ್ನು ನಾವು ಮೂರು ವಿಷಯಗಳಲ್ಲಿ ಪ್ರಾರ್ಥಿಸುತ್ತೇವೆ. ಮೊದಲನೆಯದಾಗಿ, ಇಂತಹ ಮಗು ಲೇಪದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ವಿರಾಮದಲ್ಲಿ ನಾಚಿಕೆಯಿಲ್ಲದೆ ಹಚ್ಚಿಕೊಳ್ಳಲು ಅನುಮತಿಯಿರಲಿ. ಎರಡನೆಯದಾಗಿ, ಕೃತಕ ನೂಲಿನ ಸಮವಸ್ತ್ರದ ಬದಲು ಅದೇ ಬಣ್ಣದ ಹತ್ತಿಯ ಬಟ್ಟೆಯನ್ನು ತೊಡುವ ಸ್ವಾತಂತ್ರ್ಯವಿರಲಿ. ಮೂರನೆಯದಾಗಿ, ಫ್ಯಾನಿನ ಬಳಿ, ಬಿಸಿಲು ಬೀಳದೆಡೆ, ಕರಿಹಲಗೆಯ ಧೂಳಿನಿಂದ ದೂರದಲ್ಲಿ ಒಂದು ಜಾಗ ದೊರಕಲಿ. ಇವುಗಳಲ್ಲಿ ಒಂದಕ್ಕೂ ಹೆಚ್ಚಿನ ಹಣ ಬೇಡ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ನಾವು ಬೇಡುವುದು ಇನ್ನೂ ಕಡಮೆ. ‘ತುರಿಸಬೇಡ’ ಎಂದು ಆ ಮಗುವಿಗೆ ದಿನಕ್ಕೆ ನೂರು ಸಲ ಮನೆಯವರೇ ಹೇಳಿರುತ್ತಾರೆ, ನೀವೂ ಹೇಳಬೇಕಾಗಿಲ್ಲ. ಆಟದಲ್ಲಿ ಅದರ ಕೈಯನ್ನು ಹಿಡಿಯಿರಿ. ಯಾರಾದರೂ ‘ಕಜ್ಜಿ’ ಎಂದು ಕೂಗಿದರೆ, ಅದು ಕಜ್ಜಿಯಲ್ಲ, ಅಂಟುವುದೂ ಇಲ್ಲವೆಂದು ಹೇಳಿರಿ. ಇಸಬು ಎಷ್ಟೋ ಮಕ್ಕಳಲ್ಲಿ ಬೆಳೆದಂತೆ ಶಮನವಾಗುತ್ತದೆ. ಚುಚ್ಚುಮಾತಿನ ಗಾಯವು ಅಷ್ಟು ಬೇಗ ಮಾಯುವುದಿಲ್ಲ. ಚರ್ಮಕ್ಕೆ ಹಿತವಾದ ಲೇಪವನ್ನು ತಂದೆತಾಯಿಗಳೂ ವೈದ್ಯರೂ ಹುಡುಕಿಕೊಡುತ್ತಾರೆ. ಬೆಂಚಿನ ಮೇಲಣ ಆ ಒಂದು ಗೇಣನ್ನು ತುಂಬುವ ಕೆಲಸ ಮಾತ್ರ ಪಕ್ಕದಲ್ಲಿ ಕುಳಿತ ನಿಮ್ಮಿಂದಲೇ ಆಗಬೇಕು.