ಪ್ರವಾಸ ಪಥ: ಥೈಲ್ಯಾಂಡಿಗೆ ಹೊರಡುವ ಬಂಧುಗಳಿಗೆ

ಈ ಅಂಕಣದಲ್ಲಿ ಇದುವರೆಗೆ ಶ್ರೀಶೈಲ, ಕಾಶಿ, ಕೂಡಲಸಂಗಮಗಳಂತಹ ಕ್ಷೇತ್ರಗಳ ದಾರಿಯನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈಚೆಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಬರುವ ಪತ್ರಗಳಲ್ಲಿ ಬೇರೊಂದು ಪ್ರಶ್ನೆ ಕಾಣುತ್ತಲಿದೆ. ಮಕ್ಕಳು ಥೈಲ್ಯಾಂಡಿಗೆ ಕರೆದೊಯ್ಯುತ್ತೇವೆನ್ನುತ್ತಾರೆ. ಅಲ್ಲಿ ಲಿಂಗಪೂಜೆ ಸಾಗುವುದೆ, ನಮ್ಮ ಊಟ ದೊರೆಯುವುದೆ, ವಯಸ್ಸಾದವರು ಹೋಗಬಹುದೆ ಎಂಬುದೇ ಆ ಪ್ರಶ್ನೆ. ಪ್ರವಾಸ ಕಂಪನಿಗಳ ಬಣ್ಣದ ಪುಸ್ತಿಕೆಗಳಲ್ಲಿ ಇವಕ್ಕೆ ಉತ್ತರವಿರುವುದಿಲ್ಲ. 2025ರ ಮಾರ್ಚಿಯ ಮೊದಲ ವಾರದಲ್ಲಿ, ಶಿವರಾತ್ರಿಯನ್ನು ಮನೆಯಲ್ಲಿಯೇ ಮುಗಿಸಿಕೊಂಡು, ಅರುವತ್ತೆಂಟು ವರ್ಷದ ನಮ್ಮ ತಾಯಿಯವರೊಡನೆ ನಾವು ಆ ದೇಶಕ್ಕೆ ಹೋಗಿ ಬಂದೆವು. ಅಲ್ಲಿ ಕಲಿತದ್ದನ್ನೂ, ತಪ್ಪಿ ಕಲಿತದ್ದನ್ನೂ ಇಲ್ಲಿ ನಿವೇದಿಸುತ್ತೇವೆ.

ಮೊದಲು ಕಾಗದಪತ್ರಗಳ ಮಾತು. ಪಾಸ್‌ಪೋರ್ಟ್ ಸೇವಾ ಕೇಂದ್ರವು ಕಲಬುರಗಿಯಲ್ಲಿಯೇ ಇರುವುದರಿಂದ ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ನಮ್ಮ ಕಡೆಯವರಿಗೆ ತೊಂದರೆ ಬರುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ, ಬ್ಯಾಂಕಿನ ಪುಸ್ತಕದಲ್ಲಿ ಎರಡು ಇನಿಷಿಯಲ್ಲುಗಳು. ಹೆಣ್ಣುಮಕ್ಕಳ ವಿಷಯದಲ್ಲಂತೂ ತವರಿನ ಹೆಸರು ಒಂದೆಡೆ, ಗಂಡನ ಹೆಸರು ಇನ್ನೊಂದೆಡೆ. ಇವನ್ನೆಲ್ಲ ಒಂದೇ ರೀತಿಗೆ ತಂದ ಮೇಲೆಯೇ ಅರ್ಜಿ ಹಾಕುವುದು ಕ್ಷೇಮ. ವಿಮಾನದ ಟಿಕೆಟ್ಟಿನಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಇರತಕ್ಕದ್ದು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿಯಾದರೂ ಉಳಿದಿರಬೇಕು.

ಥಾಯ್ ಸರಕಾರವು 2023ರ ನವೆಂಬರಿನಿಂದ ಭಾರತೀಯ ಪ್ರವಾಸಿಗಳಿಗೆ ವೀಸಾ ಇಲ್ಲದೆ ಪ್ರವೇಶ ಕೊಡಲಾರಂಭಿಸಿತು. 2024ರ ಜುಲೈಯಲ್ಲಿ ಆ ಅವಧಿಯನ್ನು 60 ದಿನಗಳಿಗೆ ಏರಿಸಿತು. ಇಂತಹ ನಿಯಮಗಳು ಬದಲಾಗುತ್ತಲೇ ಇರುತ್ತವೆಯಾದ್ದರಿಂದ ಟಿಕೆಟ್ ಕೊಳ್ಳುವ ವಾರದಲ್ಲಿಯೇ ಆ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ನಾವು ಹೋದಾಗ ಇಲ್ಲದ ಇನ್ನೊಂದು ನಿಯಮ 2025ರ ಮೇ 1ರಿಂದ ಬಂದಿದೆ. ಆಗಮನದ ವಿವರವನ್ನು ತಲಪುವ ಮುಂಚಿನ ಮೂರು ದಿನಗಳೊಳಗೆ ಅಂತರ್ಜಾಲದಲ್ಲಿ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣವು ಸರಕಾರದ್ದಲ್ಲವೆಂದು ತಿಳಿಯಿರಿ.

ನಮ್ಮ ಭಾಗದವರಿಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣವೆಂದರೆ ಹೈದರಾಬಾದಿನ ಶಂಷಾಬಾದ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ವಾಡಿ-ಸಿಕಂದರಾಬಾದ ರೈಲುಮಾರ್ಗವೇ ಇಂದಿಗೂ ನಮಗೆ ಅನುಕೂಲ. ಶಹಾಬಾದದವರು ವಾಡಿಗೆ ಬಂದು ಆ ದಾರಿ ಹಿಡಿಯಬಹುದು. ಚಿತ್ತಾಪುರ, ಸೇಡಂಗಳು ಅದೇ ಮಾರ್ಗದಲ್ಲಿವೆ. ರೈಲಿಲ್ಲದ ಚಿಂಚೋಳಿಯವರಿಗೆ ತಾಂಡೂರು ಸಮೀಪ. ಸಿಕಂದರಾಬಾದದವರೆಗೆ ಹೋಗದೆ ಲಿಂಗಂಪಲ್ಲಿಯಲ್ಲಿ ಇಳಿದರೆ ಹೊರವರ್ತುಲ ರಸ್ತೆಯಿಂದ ನಿಲ್ದಾಣವನ್ನು ಸೇರಬಹುದು. ಆದರೆ ವಿಮಾನದ ದಿನವೇ ರೈಲು ಹತ್ತುವ ಸಾಹಸ ಬೇಡ.

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆ ಸದ್ದು ಮಾಡಿಯೇ ಮಾಡುತ್ತದೆ. ಅದನ್ನು ತೆಗೆದು ಟ್ರೇಯಲ್ಲಿಡಿರೆಂದು ಸಿಬ್ಬಂದಿಯವರು ಹೇಳುವರು. ಅದೇ ಟ್ರೇಗಳಲ್ಲಿ ಜನ ಬೆಲ್ಟು, ಚಪ್ಪಲಿಗಳನ್ನಿಡುತ್ತಾರೆ. ನಮ್ಮ ತಾಯಿಯವರು ಎರಡೂ ಕೈಗಳಿಂದ ಕರಡಿಗೆಯನ್ನು ಎದೆಗವಚಿಕೊಂಡು ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು, ನಮಗೆ ಬೆವರು ಬಂದಿತು. ಕಡೆಗೆ ಮಹಿಳಾ ಅಧಿಕಾರಿಯೊಬ್ಬರು ಪರದೆಯ ಮರೆಗೆ ಕರೆದೊಯ್ದು ವಿಚಾರಿಸಿದರು. ತಾಯಿಯವರು ತಾವೇ ಕರಡಿಗೆಯನ್ನು ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟು ತೋರಿಸಿದರು. ಆ ಅಧಿಕಾರಿ ಕೈ ಮುಗಿದು ಬಿಟ್ಟುಕೊಟ್ಟರು. ಎಲ್ಲೆಡೆ ಹೀಗೆಯೇ ಆಗುವುದೆಂದು ನಾವು ಭರವಸೆ ಕೊಡಲಾರೆವು. ಆದುದರಿಂದ ಸಾಲಿನಲ್ಲಿ ನಿಂತಾಗಲೇ, ಯಂತ್ರ ಕೂಗುವ ಮುನ್ನವೇ, ಇದು ಪೂಜೆಯ ಲಿಂಗವೆಂದು ತಿಳಿಸಿ ಪ್ರತ್ಯೇಕ ತಪಾಸಣೆಯನ್ನು ಕೋರಿಕೊಳ್ಳಿ. ಯಂತ್ರದೊಳಗೆ ಕಳುಹಿಸಲೇಬೇಕೆಂದರೆ ತೊಳೆದ ಬಿಳಿಯ ವಸ್ತ್ರವೊಂದು ಕೈಯಲ್ಲಿರಲಿ. ಬೇರೆ ಟ್ರೇಯಲ್ಲಿ ಅದನ್ನು ಹಾಸಿ ಇಡಬಹುದು. ಹಿಂದಿರುಗುವಾಗ ಬ್ಯಾಂಕಾಕಿನಲ್ಲಿ ನಾವು ಹೀಗೆಯೇ ಮಾಡಿದೆವು. ಪ್ರಯಾಣದ ಮಟ್ಟಿಗೆ ಕರಡಿಗೆಯನ್ನು ಮನೆಯಲ್ಲಿಟ್ಟು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುವ ಪದ್ಧತಿಯನ್ನೂ ಕೆಲವರು ಅನುಸರಿಸುತ್ತಾರೆ.

ಪೂಜೆಯ ಸಾಮಗ್ರಿಯಲ್ಲಿ ಕರ್ಪೂರ, ಕಡ್ಡಿಪೆಟ್ಟಿಗೆಗಳನ್ನು ಒಯ್ಯುವಂತಿಲ್ಲ. ಒಣಕೊಬ್ಬರಿಯೂ ಬೆಂಕಿ ಹಿಡಿಯುವ ವಸ್ತುವೆಂದು ನಿಷಿದ್ಧವಾಗಿದೆ. ಇದನ್ನರಿಯದೆ ಪೆಟ್ಟಿಗೆ ಬಿಚ್ಚಿಸಿಕೊಂಡವರು ಅನೇಕರಿದ್ದಾರೆ. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿಯೇ, ದೊಡ್ಡ ಪೆಟ್ಟಿಗೆಯಲ್ಲಿ ಇಡಿರಿ. ಪತ್ರಿಯನ್ನು ಇಲ್ಲಿಂದ ಒಯ್ಯಬೇಡಿರಿ. ಹಸಿರು ಎಲೆ, ಸಸಿಗಳ ವಿಷಯದಲ್ಲಿ ಎಲ್ಲ ದೇಶಗಳೂ ಕಟ್ಟುನಿಟ್ಟು. ಹೂವಿಗೆ ಅಲ್ಲಿ ಕೊರತೆಯಿಲ್ಲ. ಬ್ಯಾಂಕಾಕಿನ ಬೀದಿಬೀದಿಗಳಲ್ಲಿ ಮಲ್ಲಿಗೆಯ ಸಣ್ಣ ಮಾಲೆಗಳನ್ನು ಮಾರುತ್ತಾರೆ. ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಪೇಟೆಯು ರಾತ್ರಿಯೆಲ್ಲ ತೆರೆದಿರುತ್ತದೆ. ಬಿಲ್ವವೂ ಆ ನಾಡಿಗೆ ಹೊಸದಲ್ಲ. ಅದನ್ನು ಅವರು 'ಮತೂಮ್' ಎನ್ನುವರು. ಕಾಯಿಯ ಹೋಳುಗಳನ್ನು ಒಣಗಿಸಿ ಕುದಿಸಿ ಪಾನಕದಂತೆ ಕುಡಿಯುವರು. ಇದನ್ನು ಕೇಳಿ ನಮ್ಮ ತಾಯಿಯವರಿಗೆ ಅರ್ಧ ಪ್ರಯಾಣವೇ ಸಾರ್ಥಕವಾದಂತಾಯಿತು.

ಹೋಟೆಲಿನ ಕೋಣೆಗಳಲ್ಲಿ ಹೊಗೆ ಕಂಡರೆ ಗಂಟೆ ಬಾರಿಸುವ ಯಂತ್ರಗಳಿರುತ್ತವೆ. ಆದ್ದರಿಂದ ಊದಿನಕಡ್ಡಿ, ದೀಪಗಳನ್ನು ಹಚ್ಚಕೂಡದು. ಇಷ್ಟಲಿಂಗಪೂಜೆಗೆ ಅವು ಇಲ್ಲದಿದ್ದರೂ ಕೊರತೆಯೇನೂ ಇಲ್ಲ. ನಲ್ಲಿಯ ನೀರು ಅಲ್ಲಿ ಕುಡಿಯಲು ಯೋಗ್ಯವಲ್ಲ. ಮಜ್ಜನಕ್ಕೆ ಬಾಟಲಿಯ ನೀರನ್ನು ಹಿಂದಿನ ರಾತ್ರಿಯೇ ತೆಗೆದಿಡಿರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದಿರುತ್ತದೆ. ಪ್ರವಾಸ ಕಂಪನಿಯ ಬಸ್ಸು ಏಳಕ್ಕೆ ಹೊರಡುವುದಾದರೆ ನಮ್ಮ ಲೆಕ್ಕದಲ್ಲಿ ಆಗ ಬೆಳಗಿನ ಐದೂವರೆ. ಪೂಜೆ ತಪ್ಪಬಾರದೆನ್ನುವವರು ಮೊದಲೆರಡು ದಿನ ಬೇಗ ಮಲಗುವ ರೂಢಿ ಮಾಡಿಕೊಳ್ಳಬೇಕು.

ಇನ್ನು ಊಟ. ನಮಗೆ ಅತಿ ದೊಡ್ಡ ತಪ್ಪು ಆದುದು ಇಲ್ಲಿಯೇ. ಎರಡನೆಯ ದಿನ ಮಧ್ಯಾಹ್ನ ನಮ್ಮೊಡನಿದ್ದ ಮಾರ್ಗದರ್ಶಿಯು 'ವೆಜಿಟೇರಿಯನ್' ಎಂದು ಹೇಳಿ ಹಸಿ ಪಪ್ಪಾಯಿಯ ಕೋಸಂಬರಿಯಂತಹ ಪದಾರ್ಥವನ್ನು ಬಡಿಸಿಸಿದರು. ಸೋಮ್ ತಮ್ ಎಂದು ಅದರ ಹೆಸರು. ತಾಯಿಯವರು ಎರಡು ತುತ್ತು ಉಂಡ ಮೇಲೆ ನಮ್ಮ ಮಗಳು ತಟ್ಟೆಯಲ್ಲಿ ಒಣಸೀಗಡಿಯನ್ನು ಕಂಡಳು. ವಿಚಾರಿಸಲಾಗಿ, ಮಾಂಸದ ತುಂಡು ಕಾಣದಿದ್ದರೆ ಸಾಕು, ಅದು ಸಸ್ಯಾಹಾರವೆಂದು ಅವರು ತಿಳಿದಿದ್ದರು. ಮೀನಿನ ರಸವನ್ನು ಅವರು ಉಪ್ಪಿನಂತೆ ಬಳಸುವರು; ಅದನ್ನು ಮಾಂಸವೆಂದು ಎಣಿಸುವುದೇ ಇಲ್ಲ. ತಾಯಿಯವರು ಕೈ ತೊಳೆದು ಎದ್ದರು. ಆ ದಿನ ನೀರಿನ ಹೊರತು ಏನನ್ನೂ ಮುಟ್ಟಲಿಲ್ಲ. ನಾವು ಅವರೆದುರು ತಲೆಯೆತ್ತಲಾರದೆ ಕುಳಿತಿದ್ದೆವು. ಮರುದಿನ ಬೆಳಿಗ್ಗೆ ಎಂದಿಗಿಂತ ಹೆಚ್ಚು ಹೊತ್ತು ಪೂಜೆಯಲ್ಲಿದ್ದು, ಬಳಿಕ ಹೇಳಿದರು: "ಗೊತ್ತಿಲ್ಲದ ಆಗ್ಯಾದ ತಮ್ಮಾ. ಇನ್ನ ಮುಂದ ಕೇಳಿ ಉಣಬೇಕು."

ಹೇಗೆ ಕೇಳಬೇಕೆಂಬುದನ್ನು ಆ ದಿನವೇ ಕಲಿತೆವು. ಸಸ್ಯಾಹಾರಕ್ಕೆ ಥಾಯ್ ಭಾಷೆಯಲ್ಲಿ 'ಮಾಂಗ್ಸವಿರತ್' ಎಂಬ ಮಾತಿದೆ. ಮಾಂಸವಿರತಿ! ನಮಗೆ ತಿಳಿದ ಸಂಸ್ಕೃತ ಶಬ್ದವೇ ಸಮುದ್ರ ದಾಟಿ ಹೋಗಿ ಕುಳಿತಿದೆ. ಆದರೆ ಇದರಲ್ಲಿ ಮೊಟ್ಟೆ ಸೇರಬಹುದು. ಇದಕ್ಕಿಂತ ಭದ್ರವಾದದ್ದು 'ಜೇ' ಎಂಬ ಎರಡಕ್ಷರದ ಗುರುತು. ಹಳದಿ ಬಟ್ಟೆಯ ಮೇಲೆ ಕೆಂಪಿನಲ್ಲಿ ಬರೆದಿರುವ ಇದು ನಮ್ಮ ಕಣ್ಣಿಗೆ 17ರ ಅಂಕೆಯಂತೆ ಕಾಣುತ್ತದೆ. ಈ ಗುರುತಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆಗಳು ಮಾತ್ರವಲ್ಲ, ಹಾಲು, ಉಳ್ಳಾಗಡ್ಡಿ, ಬಳ್ಳೊಳ್ಳಿಗಳೂ ಇರುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ಬರುವ ಜೇ ಹಬ್ಬದ ದಿನಗಳಲ್ಲಿ ಇಂತಹ ಊಟ ಎಲ್ಲೆಡೆ ದೊರೆಯುವುದರಿಂದ, ನಿಯಮಸ್ಥರಿಗೆ ಆ ಕಾಲ ಒಳ್ಳೆಯದು. ಬೇರೆ ಅಂಗಡಿಗಳಲ್ಲಿ 'ಮೈ ಸಾಯ್ ನಾಮ್ ಪ್ಲಾ' ಎಂದರೆ ಮೀನಿನ ರಸ ಹಾಕಬೇಡಿ, 'ಮೈ ಸಾಯ್ ಖಾಯ್' ಎಂದರೆ ಮೊಟ್ಟೆ ಹಾಕಬೇಡಿ ಎಂದರ್ಥ. 'ಕಪಿ' ಎಂಬುದು ಸೀಗಡಿಯ ಹಿಂಡಿ. ಸಾರಿನ ಮಸಾಲೆಗಳಲ್ಲಿ ಅದು ಅಡಗಿರುತ್ತದೆ. ಈ ಮಾತುಗಳನ್ನು ಥಾಯ್ ಲಿಪಿಯಲ್ಲಿ ಚೀಟಿಯ ಮೇಲೆ ಬರೆಯಿಸಿಟ್ಟುಕೊಂಡರೆ ಉಚ್ಚಾರದ ಗೊಂದಲ ತಪ್ಪುತ್ತದೆ. ಬ್ಯಾಂಕಾಕಿನ ಪಾಹುರತ್ ಪೇಟೆಯಲ್ಲಿ ಸಿಖ್ಖರ ಗುರುದ್ವಾರವಿದೆ. ಅಲ್ಲಿನ ಲಂಗರಿನಲ್ಲಿ ಕುಳಿತು ರೊಟ್ಟಿ-ಬೇಳೆ ಉಂಡಾಗ ತಾಯಿಯವರಿಗೆ ನಮ್ಮ ದಾಸೋಹದ ಪಂಕ್ತಿಯೇ ನೆನಪಾಯಿತು.

ಇಷ್ಟಾದರೂ ಮನೆಯ ಬುತ್ತಿಯನ್ನು ಮರೆಯಬೇಡಿರಿ. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳು ಒಂದು ವಾರ ಕೆಡದೆ ಇರುವವು. ರೊಟ್ಟಿ ಮುರಿಯದಂತೆ ಸ್ಟೀಲಿನ ಡಬ್ಬಿಯಲ್ಲಿಡಿರಿ.

ಬಿಸಿಲಿನ ವಿಷಯದಲ್ಲಿ ನಾವು ಅಹಂಕಾರ ಪಟ್ಟೆವು. ಶಹಾಬಾದದ ಕಲ್ಲುಗಣಿಗಳ ಬಿಸಿಲನ್ನು ಕಂಡವರಿಗೆ 34 ಡಿಗ್ರಿ ಏನು ಮಹಾ ಎಂದುಕೊಂಡೆವು. ಆದರೆ ನಮ್ಮದು ಒಣಬಿಸಿಲು. ಬೆವರು ಆರಿ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲಿಯೇ ನೀರಿರುವುದರಿಂದ ಬೆವರು ಆರುವುದೇ ಇಲ್ಲ. ಅರಮನೆಯ ಅಂಗಳದಲ್ಲಿ ತಾಯಿಯವರಿಗೆ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟರು. ವಯಸ್ಸಾದವರನ್ನು ಹತ್ತು ಗಂಟೆಯೊಳಗೆ ಹೊರಗಿನ ನೋಟ ಮುಗಿಸಿ ನೆರಳಿಗೆ ಕರೆತರಬೇಕು; ಉಪ್ಪು-ಸಕ್ಕರೆಯ ಪುಡಿ ಚೀಲದಲ್ಲಿರಲಿ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತ. ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮಳೆ; ಡೆಂಗಿ ತರುವ ಸೊಳ್ಳೆಗಳಿಂದ ಎಚ್ಚರವಿರಲಿ. ದಿನನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಒಯ್ಯಿರಿ. ಅಂಬುಲೆನ್ಸಿಗೆ 1669, ಪ್ರವಾಸಿ ಪೋಲೀಸರಿಗೆ 1155 ಎಂಬ ಸಂಖ್ಯೆಗಳಿವೆ.

ನೋಡುವ ಸ್ಥಳಗಳನ್ನು ಕುರಿತು ಹೆಚ್ಚು ಬರೆಯುವುದಿಲ್ಲ. ಅದನ್ನು ಬಣ್ಣದ ಪುಸ್ತಿಕೆಗಳೇ ಹೇಳುತ್ತವೆ. ಅವು ಬಿಟ್ಟುಬಿಡುವ ಎರಡನ್ನು ಮಾತ್ರ ಸೂಚಿಸುತ್ತೇವೆ. ಬ್ಯಾಂಕಾಕಿನಲ್ಲಿ 1784ರಲ್ಲಿ ಕಟ್ಟಿದ 'ದೇವಸ್ಥಾನ' ಎಂಬ ಹೆಸರಿನದೇ ಗುಡಿಯಿದ್ದು, ಅದರ ಮೂರು ಮಂದಿರಗಳಲ್ಲಿ ಒಂದು ಶಿವನದು. ಬುರಿರಾಮ್ ಪ್ರಾಂತದಲ್ಲಿ ಆರಿಹೋದ ಜ್ವಾಲಾಮುಖಿಯ ಮೇಲೆ ಫನೋಮ್ ರುಂಗ್ ಎಂಬ ಪ್ರಾಚೀನ ಶಿವಾಲಯವಿದೆ. ವರ್ಷದ ಕೆಲವೇ ದಿನ ಸೂರ್ಯಕಿರಣವು ಅದರ ಹದಿನೈದು ಬಾಗಿಲುಗಳನ್ನು ಹಾಯ್ದುಹೋಗುತ್ತದೆ. ಆ ಪ್ರಾಂತವು ಕಾಂಬೋಡಿಯಕ್ಕೆ ಹೊಂದಿದ್ದು, 2025ರ ಜುಲೈ ಮತ್ತು ಡಿಸೆಂಬರಿನಲ್ಲಿ ಗಡಿಯಲ್ಲಿ ಕಾದಾಟಗಳಾದುವು. ವಿಚಾರಿಸದೆ ಅತ್ತ ಹೋಗಬೇಡಿರಿ. ಬೌದ್ಧ ವಿಹಾರಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಹೆಣ್ಣುಮಕ್ಕಳು ಭಿಕ್ಷುಗಳನ್ನು ಮುಟ್ಟಬಾರದು. ರಾಜಮನೆತನವನ್ನು ಕುರಿತು ಹಗುರವಾಗಿ ಆಡಿದ ಮಾತಿಗೆ ಅಲ್ಲಿ ಸೆರೆವಾಸವಿದೆ.

ಮನೆಯಲ್ಲಿ ಕೆಲಸ ಹುಡುಕುವ ತರುಣರಿದ್ದರೆ ಇದನ್ನು ಅವರಿಗೆ ಓದಿ ಹೇಳಿರಿ. ಥೈಲ್ಯಾಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ, ಪ್ರವಾಸಿಗಳಂತೆ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನ ವಂಚಕರ ಕೈಗೆ ಒಪ್ಪಿಸುವ ಜಾಲಗಳಿವೆ. ಭಾರತ ಸರಕಾರವು 2022ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. 2025ರ ಮಾರ್ಚಿಯಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಸೇನೆಯ ವಿಮಾನಗಳಲ್ಲಿ ಮರಳಿ ಕರೆತರಬೇಕಾಯಿತು. ಪ್ರವಾಸಿಯಾಗಿ ಹೋದವನಿಗೆ ಅಲ್ಲಿ ದುಡಿಯುವ ಹಕ್ಕಿಲ್ಲ.

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅಶೋಕನ ಕಾಲದಲ್ಲಿ ಸೋಣ, ಉತ್ತರರೆಂಬ ಭಿಕ್ಷುಗಳು ಸುವರ್ಣಭೂಮಿಗೆ ಹೋದರೆಂದು ಮಹಾವಂಸ ಹೇಳುತ್ತದೆ. ಆ ಅಶೋಕನ ಶಾಸನ ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿಯೇ ದೊರೆತಿದೆಯೆಂದು ಹೇಳಿದಾಗ ತಾಯಿಯವರು, ಮೊದಲು ಅದನ್ನೇಕೆ ತೋರಿಸಲಿಲ್ಲವೆಂದು ಕೇಳಿದರು. ನಿಲ್ದಾಣ ಬಹಳ ದೊಡ್ಡದು, ನಡಿಗೆ ಬಹಳ. ಹಿರಿಯರಿಗೆ ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಹೇಳಿಟ್ಟರೆ ಸಾಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹೋಗುವಾಗ ಬೇಡವೆಂದಿದ್ದ ನಮ್ಮ ತಾಯಿಯವರು ಬರುವಾಗ ತಾವಾಗಿಯೇ ಅದನ್ನು ಕೇಳಿ ಕುಳಿತರು.