ಹುಡುಕದಿದ್ದರೆ ಸಿಗಲ್ಲ

ಅಮೆರಿಕದ ಹೆರಾಯಿನ್ ಸಾವುಗಳ ಅಂಕಿಅಂಶ ನೋಡಿದಾಗೆಲ್ಲ ನಾನು ಕೇಳೋದು ಒಂದೇ: ಲ್ಯಾಬ್ ಹುಡುಕಿದ್ದು ಏನನ್ನು?

ಹೆರಾಯಿನ್ ರಕ್ತ ಸೇರಿದ ಕೆಲವೇ ನಿಮಿಷಗಳಲ್ಲಿ 6-ಎಂಎಎಂ ಆಗಿ, ಆಮೇಲೆ ಮಾರ್ಫಿನ್ ಆಗಿ ಬದಲಾಗುತ್ತೆ. ಶವದ ರಕ್ತದಲ್ಲಿ ಬರೀ ಮಾರ್ಫಿನ್ ಸಿಕ್ಕರೆ, ಅದು ಆಸ್ಪತ್ರೆಯ ಔಷಧವೋ ಬೀದಿಯ ಹೆರಾಯಿನ್ನೋ ಹೇಳೋದು ಕಷ್ಟ. ಹೆರಾಯಿನ್‌ನ ಗುರುತಾದ 6-ಎಂಎಎಂ ಕಣ್ಣೊಳಗಿನ ದ್ರವದಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಅಲ್ಲಿ ನೋಡದಿದ್ದರೆ ಹೆರಾಯಿನ್ ಸಾವು ಮಾರ್ಫಿನ್ ಲೆಕ್ಕಕ್ಕೆ ಜಮಾ ಆಗಬಹುದು.

ಫೆಂಟನಿಲ್ ಇನ್ನೂ ಕಷ್ಟ. 2016ರಲ್ಲಿ ಗಾಯಕ ಪ್ರಿನ್ಸ್ ಸತ್ತಿದ್ದು ಇದರಿಂದಲೇ. ಮಾರ್ಫಿನ್ ಹಿಡಿಯೋ ಸಾಮಾನ್ಯ ಸ್ಕ್ರೀನಿಂಗ್ ಟೆಸ್ಟ್‌ಗೆ ಇದು ಸಿಗಲ್ಲ; ಪ್ರತ್ಯೇಕ ಟೆಸ್ಟ್ ಬೇಕು, ಖಚಿತಪಡಿಸಲು ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಅದಕ್ಕೆ ದುಡ್ಡು ಬೇಕು.

ಅಂದ್ರೆ, ಸಾವಿನ ಲೆಕ್ಕದಲ್ಲೂ ಬಜೆಟ್‌ನ ಕೈ ಇದೆ. ‘ಪತ್ತೆಯಾಗಿಲ್ಲ’ ಅಂದ್ರೆ ‘ಇರಲಿಲ್ಲ’ ಅಂತಲ್ಲ. ತಪ್ಪು ಲೆಕ್ಕ ನಂಬಿ ನೀತಿ ಮಾಡಿದರೆ, ಮುಂದಿನ ಸಾವನ್ನ ತಡೆಯೋದು ಹೇಗೆ?