ಹಿಂದಿನ ಸಂಬಳವಲ್ಲ, ಹುದ್ದೆಯ ಬೆಲೆ ಮುಖ್ಯ

ಕೆಲಸ ಕೇಳಿಕೊಂಡು ಬಂದ ಅಭ್ಯರ್ಥಿಗೆ ನಮ್ಮ ಉದ್ದಿಮೆದಾರರು ಸಾಮಾನ್ಯವಾಗಿ ಹಾಕುವ ಮೊದಲ ಪ್ರಶ್ನೆ ‘ಈಗ ಎಷ್ಟು ಸಂಬಳ ಬರುತ್ತಿದೆ?’ ಎಂಬುದು. ಅವನು ಹೇಳಿದ ಮೊತ್ತಕ್ಕೆ ಒಂದೆರಡು ಸಾವಿರ ಸೇರಿಸಿ ನೇಮಿಸಿಕೊಳ್ಳುವುದು ರೂಢಿ. ಈ ರೂಢಿಯನ್ನು ಕೈಬಿಡುವುದು ಉದ್ದಿಮೆಗೇ ಲಾಭವೆಂಬುದು ನನ್ನ ಅಭಿಪ್ರಾಯ.

ಕಚ್ಚಾವಸ್ತುವನ್ನು ಕೊಳ್ಳುವಾಗ ನಾವು ಗುಣಮಟ್ಟವನ್ನೂ ಮಾರುಕಟ್ಟೆಯ ದರವನ್ನೂ ನೋಡುತ್ತೇವೆ. ಹಿಂದಿನ ಗಿರಾಕಿ ಎಷ್ಟು ಕೊಟ್ಟನೆಂದು ವಿಚಾರಿಸಿ ದರ ಕಟ್ಟುವುದಿಲ್ಲ. ದುಡಿಮೆಯ ವಿಷಯದಲ್ಲಿ ಮಾತ್ರ ಬೇರೆ ನ್ಯಾಯವೇಕೆ? 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ, ಹೊಸಪೇಟೆ, ಸಂಡೂರು ಭಾಗದ ಎಷ್ಟೋ ಕುಶಲ ಕೆಲಸಗಾರರು ಸಿಕ್ಕ ಸಂಬಳಕ್ಕೆ ಒಪ್ಪಬೇಕಾಯಿತು. ಆ ಕಷ್ಟಕಾಲದ ಮೊತ್ತ ಅವರ ಯೋಗ್ಯತೆಯ ಅಳತೆಯಲ್ಲ. ಹೆರಿಗೆಗೆಂದು ಕೆಲಸ ಬಿಟ್ಟು ಮರಳುವ ಮಹಿಳೆಗೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2018ರಿಂದಲೇ ಉದ್ಯೋಗದ ಪ್ರಸ್ತಾವಕ್ಕೆ ಮೊದಲು ಹಿಂದಿನ ಸಂಬಳವನ್ನು ಕೇಳುವುದನ್ನು ನಿಷೇಧಿಸಿದೆ. ಯುರೋಪಿನ ಒಕ್ಕೂಟವೂ 2023ರಲ್ಲಿ ಇಂತಹದೇ ನಿರ್ದೇಶನವನ್ನು ಹೊರಡಿಸಿತು.

‘ಮೊದಲು ಬಾಯಿ ಬಿಟ್ಟವನು ಸೋಲುತ್ತಾನೆ’ ಎಂಬ ವ್ಯಾಪಾರದ ಮಾತನ್ನು ಕೆಲವರು ಮುಂದಿಡಬಹುದು. ಆದರೆ ಕಡಿಮೆಗೆ ಸಿಕ್ಕ ಫಿಟ್ಟರ್ ಅಥವಾ ಲೆಕ್ಕಿಗ, ಪಕ್ಕದ ಮೇಜಿನವನ ಸಂಬಳ ತಿಳಿದ ದಿನವೇ ಬೇರೆಡೆ ಅರ್ಜಿ ಹಾಕುತ್ತಾನೆ. ತೋರಣಗಲ್ಲಿನ ಬೃಹತ್ ಉಕ್ಕಿನ ಕಾರ್ಖಾನೆ ಹತ್ತಿರದಲ್ಲೇ ಇರುವಾಗ, ಗಾದಿಗನೂರಿನ ಸಣ್ಣ ಘಟಕಕ್ಕೆ ಕೆಲಸ ಕಲಿಸಿದ ಖರ್ಚೂ ನಷ್ಟ, ಕಲಿತವನೂ ನಷ್ಟ.

ಇನ್ನೊಂದು ತೊಡಕೆಂದರೆ, ‘ಸಂಬಳ’ವೆಂದಾಗ ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಅಂಕಿಗಳಿರುತ್ತವೆ. ಇಎಸ್‌ಐ ಅನ್ವಯಿಸದ ನೌಕರನೊಬ್ಬನ ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 24,000 ರೂಪಾಯಿ ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿಯನ್ನು 15,000 ರೂಪಾಯಿಗಳ ಮೇಲೆ ಶೇ. 12ರಂತೆ ಹಿಡಿದರೆ 1,800 ರೂಪಾಯಿ ಕಡಿತವಾಗಿ ಅವನ ಕೈಗೆ 22,200 ಬರುತ್ತದೆ. ಮಾಲೀಕನಿಗಾದರೋ ತನ್ನ ಪಾಲಿನ 1,800, ಗ್ರಾಚ್ಯುಯಿಟಿಗೆ ಸುಮಾರು 1,150 ಸೇರಿ ವೆಚ್ಚ 27,000ದ ಸಮೀಪಕ್ಕೆ ಹೋಗುತ್ತದೆ. ಇದನ್ನು ಮೊದಲೇ ವಿವರಿಸದಿದ್ದರೆ ಮೊದಲ ತಿಂಗಳಲ್ಲೇ ಮನಸ್ತಾಪ ಖಚಿತ. ಮೇಲಾಗಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ, ನಿಗದಿತ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಹೆಚ್ಚುವರಿ ಭಾಗವನ್ನು ವೇತನವೆಂದೇ ಎಣಿಸಬೇಕು. ಆದ್ದರಿಂದ ಹಳೆಯ ಸಂಬಳದ ಚೀಟಿ ಹೋಲಿಕೆಗೂ ಸರಿಹೊಂದದು.

ಸಂದರ್ಶನಕ್ಕೆ ಮೊದಲೇ ಹುದ್ದೆಯ ಕನಿಷ್ಠ, ಗರಿಷ್ಠ ಮೊತ್ತಗಳನ್ನು ನಿರ್ಧರಿಸಿರಿ. ಅದೇ ಕೆಲಸದಲ್ಲಿರುವ ಹಳೆಯ ನೌಕರರಿಗೆ ಅದರಿಂದ ಅನ್ಯಾಯವಾಗದಂತೆ ನೋಡಿಕೊಳ್ಳಿರಿ. ಕೈಗೆ ಬರುವ ಮೊತ್ತವನ್ನು ಬರಹದಲ್ಲಿ ತಿಳಿಸಿದ ಮೇಲೆಯೇ ಅಭ್ಯರ್ಥಿಯ ನಿರೀಕ್ಷೆಯನ್ನು ಕೇಳಿರಿ. ಹಿಂದಿನ ಸಂಬಳ ಹೇಳಲೊಪ್ಪದವನನ್ನು ಸಂಶಯದಿಂದ ಕಾಣುವುದೂ ಬೇಡ. ತನ್ನ ಖರೀದಿಯ ದರವನ್ನು ಗಿರಾಕಿಗೆ ಹೇಳುವ ವರ್ತಕರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?